ಹನ್ನೊಂದು ಡಿಗ್ರಿ

ಆಟೋದವನ ಬಲ ಮಣಿಕಟ್ಟು ಹನ್ನೊಂದು ಡಿಗ್ರಿ ಹಿಂದಕ್ಕೆ ಬಾಗಿದೆ ಎಂದು ಸುಬ್ರಹ್ಮಣ್ಯನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಹನ್ನೊಂದೇ ಏಕೆ, ಒಂಬತ್ತಾಗಬಾರದೆ, ಇಪ್ಪತ್ತಾಗಬಾರದೆ? ಅಳೆಯುವ ಸಾಧನ ಯಾವುದೂ ಅವನ ಹತ್ತಿರ ಇರಲಿಲ್ಲ. ಇದ್ದದ್ದು ಎರಡು ಕಣ್ಣು, ಅದರಲ್ಲೂ ಎಡಗಣ್ಣು ಈಚೆಗೆ ಸ್ವಲ್ಪ ಮಂಜು. ಊರಂಚಿನ ಬೋಪಲ್ ಬಡಾವಣೆಯ ಮನೆಯಿಂದ ಹೊರಟಾಗಿನಿಂದ ಅವನು ದಾರಿಯುದ್ದಕ್ಕೂ ಜನರ ಮಣಿಕಟ್ಟನ್ನೇ ನೋಡುತ್ತ ಬಂದಿದ್ದ. ಫಾಫ್ಡಾ ಅಂಗಡಿಯ ಮುಂದೆ ಕಡಲೆಹಿಟ್ಟಿನ ಉಂಡೆಯನ್ನು ಅಂಗೈ ಬುಡದಿಂದ ಮರದ ಹಲಗೆಯ ಮೇಲೆ ಉದ್ದಕ್ಕೆ ಎಳೆಯುತ್ತಿದ್ದವನ ಮಣಿಕಟ್ಟು, ಕಣ್ಣು ಬಿಟ್ಟು ಮುಖವನ್ನೆಲ್ಲ ದುಪಟ್ಟಾದಲ್ಲಿ ಸುತ್ತಿಕೊಂಡು ಸ್ಕೂಟರಿನ ಬ್ರೇಕ್ ಹಿಡಿದಿದ್ದ ಹುಡುಗಿಯ ಮಣಿಕಟ್ಟು. ಅವರೆಲ್ಲ ತಮ್ಮ ಪಾಡಿಗೆ ಕೈ ಬಾಗಿಸಿಕೊಂಡು ಸುಖವಾಗಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬರಬೇಕೆಂದು ಶೇಷಾದ್ರಿಯವರ ಕರೆ. ತಿಂಡಿ ನೆಪ ಮಾತ್ರ. ಶೇಷಾದ್ರಿ ಬಾಹ್ಯಾಕಾಶ ಸಂಸ್ಥೆಯಲ್ಲಿ ಮೇಲೆ ಹಾರುವ ಯಂತ್ರಭಾಗಗಳನ್ನು ಅಲುಗಾಡಿಸಿ, ಕಾಯಿಸಿ, ತಣಿಸಿ ಪರೀಕ್ಷೆ ಮಾಡುವವರು. ಅಲ್ಲಿ ಯಾವುದಾದರೂ ಕೆಟ್ಟರೆ ನಾಲ್ಕು ಜನ ಮೇಜಿನ ಸುತ್ತ ಕೂತು ಏಕೆ ಕೆಟ್ಟಿತು ಎಂದು ಮೂಲದವರೆಗೆ ಅಗೆಯುವುದು ಪದ್ಧತಿ. ಈಗ ಅವರ ಮಗಳು ನಿಶ್ಚಿತಾಳ ಗಾಲ್ಫ್ ಸ್ವಿಂಗ್ ಕೆಟ್ಟಿತ್ತು. ಉತ್ತರಾಯಣದ ಹಬ್ಬಕ್ಕೆ ಮುಂಚೆ ಚೆಂಡನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಎತ್ತುತ್ತಿದ್ದ ಹುಡುಗಿ ಈಗ ನೆಲ ಕೆತ್ತುತ್ತಿದ್ದಳು. ಮುಂದಿನ ವಾರ ಸೂರತ್‌ನಲ್ಲಿ ಜೂನಿಯರ್ ಅರ್ಹತಾ ಪಂದ್ಯ. ಆದ್ದರಿಂದ ಮನೆಯಲ್ಲೇ ವೈಫಲ್ಯ ಪರಿಶೀಲನೆ. ಶೇಷಾದ್ರಿ, ಅವರ ಸಹೋದ್ಯೋಗಿ ಪರೀಖ್, ಮತ್ತು ಕೋಚ್ ಎಂಬ ಕಾರಣಕ್ಕೆ ಸುಬ್ರಹ್ಮಣ್ಯ. ಇವನ ಕೈಯಲ್ಲೇ ಅವಳನ್ನು ಬಿಡಬೇಕೋ, ವಡೋದರಾದ ಅಕಾಡೆಮಿಗೆ ಕಳಿಸಬೇಕೋ ಎಂಬುದೂ ಇವತ್ತೇ ತೀರ್ಮಾನ ಎಂದು ಶೇಷಾದ್ರಿ ಫೋನಿನಲ್ಲಿ ಮೆತ್ತಗೆ ಹೇಳಿದ್ದರು. ಅವರು ಯಾವುದನ್ನೂ ಜೋರಾಗಿ ಹೇಳುವವರಲ್ಲ. ಜೋರಾಗಿ ಹೇಳಿದ್ದರೆ ಇವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ಏನ್ರೀ ಇದು, ಮದುಮಗನ್ನ ನೋಡೋಕೆ ಬರ್ತಾರೇನೋ ಅನ್ನೋ ಹಾಗೆ ಇಸ್ತ್ರಿ ಶರ್ಟು?” ಎಂದಿದ್ದಳು ಹೆಂಡತಿ ಊರ್ಮಿಳಾ, ಹೊರಡುವಾಗ.

“ಸುಮ್ನಿರೇ.”

“ಮಗಳು ಬಾಲು ಹೊಡೀಲಿಲ್ಲ ಅಂತ ಮೀಟಿಂಗ್ ಕರೆಯೋ ಅಪ್ಪನ್ನ ನಾನು ಎಲ್ಲೂ ಕಂಡಿಲ್ಲಪ್ಪ. ನೀವ್ಯಾಕೆ ಹೀಗೆ ಬೆವರ್ತಿದ್ದೀರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.”

ಅವಳು ತಮಾಷೆಗೆ ಅಂದದ್ದು. ಇವನು ನಿಜವಾಗಿಯೂ ಹೆಗಲಿನ ಹತ್ತಿರ ಕೈ ಒಯ್ದು, ಅಂಗಿಯ ಮಡಿಕೆ ಸರಿಮಾಡಿಕೊಂಡವನಂತೆ ನಟಿಸಿ ಕೆಳಗಿಳಿಸಿದ್ದ. ಹೆಂಡತಿಗೂ ಅವನು ಆ ವಿಷಯ ಹೇಳಿರಲಿಲ್ಲ. ಹೇಳಿಬಿಟ್ಟರೆ ಅವಳು ನಗುತ್ತಾಳೆ, ಇಷ್ಟೇನಾ ಅನ್ನುತ್ತಾಳೆ, ಅಷ್ಟರಲ್ಲಿ ಅದು ಸಣ್ಣದಾಗಿಬಿಡುತ್ತದೆ ಎಂಬ ಭಯ. ಅದು ಸಣ್ಣದಲ್ಲ ಎಂದು ಅವನಿಗೆ ಗೊತ್ತಿತ್ತು. ಸಣ್ಣದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸುತ್ತಿತ್ತು.

ಅದು ನಡೆದದ್ದು ಕೆಲವು ವಾರಗಳ ಹಿಂದೆ, ಗಾಳಿಪಟದ ಹಬ್ಬ ಉತ್ತರಾಯಣ ಕಳೆದ ಮೊದಲ ಭಾನುವಾರ. ನರ್ಮದಾ ಕಾಲುವೆಯ ಪಕ್ಕದ ಗಾಲ್ಫ್ ಅಭ್ಯಾಸದ ರೇಂಜಿನಲ್ಲಿ, ಚೆಂಡು ಹೊರಗೆ ಹೋಗದಂತೆ ಕಟ್ಟಿದ ಎತ್ತರದ ಬಲೆಗೆ ಹರಿದ ಗಾಳಿಪಟಗಳೂ ಗಾಜಿನ ಪುಡಿ ಹಚ್ಚಿದ ಮಾಂಜಾ ದಾರವೂ ಸಿಕ್ಕಿಹಾಕಿಕೊಂಡು ಬಿಸಿಲಿಗೆ ಮಿಂಚುತ್ತಿದ್ದವು. ನಿಶ್ಚಿತಾ ಸೆವೆನ್ ಐರನ್ ಕ್ಲಬ್ಬು ಹಿಡಿದು ಹೊಡೆಯುತ್ತಿದ್ದಳು. ಅವಳ ಸ್ವಿಂಗಿನಲ್ಲಿ ಒಂದು ವಿಚಿತ್ರವಿತ್ತು. ಕ್ಲಬ್ಬು ಮೇಲೆ ಹೋಗಿ, ಇನ್ನೇನು ಕೆಳಗಿಳಿಯಬೇಕು ಅನ್ನುವಾಗ, ಜಾರಿದ ಬಳೆಯನ್ನು ಮೇಲೆ ಸರಿಸುವುದಕ್ಕೆ ಹೆಂಗಸರು ಕೈ ತಿರುಗಿಸುವ ಹಾಗೆ ಮಣಿಕಟ್ಟಿನಲ್ಲಿ ಒಂದು ಸಣ್ಣ ಸುಳಿ. ಯಾವ ಪುಸ್ತಕದಲ್ಲೂ ಅದು ಸರಿಯಲ್ಲ. ಅವಳು ಹನ್ನೆರಡರ ಹುಡುಗಿಯಾಗಿ ಬಂದ ಮೊದಲ ದಿನವೇ ಸುಬ್ರಹ್ಮಣ್ಯ ಅದನ್ನು ಕಂಡಿದ್ದ, ಕಂಡು ಸುಮ್ಮನಿದ್ದ. ಏಕೆಂದರೆ ಅವನು ಕಲಿಸುವ ರೀತಿಯೇ ಬೇರೆ. ಕಾಲು ಇಡುವುದು, ಕ್ಲಬ್ಬು ಹಿಡಿಯುವುದು ಇಷ್ಟನ್ನು ತೋರಿಸಿದ ಮೇಲೆ ಅವನು ಶಿಷ್ಯರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಬಲೆಯ ಕಡೆ ನೋಡುತ್ತ, ಕೈ ಹಿಂದೆ ಕಟ್ಟಿಕೊಂಡು, ಚೆಂಡಿಗೆ ಕಬ್ಬಿಣ ತಾಕುವ ಸದ್ದನ್ನು ಕೇಳುತ್ತಿದ್ದ. ಸದ್ದು ತುಂಬಿ ಬಂದರೆ “ಹೂಂ, ಇನ್ನೊಂದು.” ಬೋಳಾಗಿ ಬಂದರೆ ಬರೀ “ಇನ್ನೊಂದು.” ಆ ಹೂಂಗಾಗಿ ಮಕ್ಕಳು ಗಂಟೆಗಟ್ಟಲೆ ಹೊಡೆಯುತ್ತಿದ್ದರು. ಬೆನ್ನು ಮಾಸ್ತರ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು, ಬೆಂಚಿನ ಮೇಲೆ ಕೂತ ತಂದೆತಾಯಿಗಳು ಇವನು ಮಾಡುವುದಾದರೂ ಏನು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆ ಕಿವಿ ಅವನಿಗೆ ಮಕರಪುರದಲ್ಲಿ ಬಂದದ್ದು. ಭದ್ರಾವತಿಯಿಂದ ಬಂದು ವಡೋದರಾದ ಆ ಕೈಗಾರಿಕಾ ವಸಾಹತಿನಲ್ಲಿ ಎರಕದ ಕಾರ್ಖಾನೆಯೊಂದರ ತಪಾಸಣೆ ವಿಭಾಗ ಸೇರಿದಾಗ ಅವನ ಕೈಗೆ ಕೊಟ್ಟದ್ದು ಒಂದು ಪುಟ್ಟ ಸುತ್ತಿಗೆ. ಎರಕ ಹೊಯ್ದ ಭಾಗವನ್ನು ಸರಪಳಿಗೆ ತೂಗುಹಾಕಿ ಬಡಿಯಬೇಕು. ದೇವಸ್ಥಾನದ ಗಂಟೆಯಂತೆ ಉಲಿದರೆ ಸರಿ, ಒಡಕು ಮಡಕೆಯಂತೆ ಕೇಳಿಸಿದರೆ ಒಳಗೆ ಬಿರುಕು. ಗಾಲ್ಫೂ ಅಲ್ಲಿಂದಲೇ, ಕಾರ್ಖಾನೆಯ ಶೇಠ್ ಭಾನುವಾರ ಜೊತೆಗೆ ಯಾರೂ ಸಿಗದೆ ಇವನನ್ನು ಕರೆದೊಯ್ದು ಆಡಿಸಿ ಆಡಿಸಿ ಹುಚ್ಚು ಹಿಡಿಸಿದ್ದು. ಮುಂದೆ ಕಾರ್ಖಾನೆಗೆ ಬಿರುಕು ಹುಡುಕುವ ಯಂತ್ರ ಬಂತು. ಅದರ ಜೊತೆ ಬಂದ ಎಂಜಿನಿಯರು ವಿನಯವಾಗಿಯೇ ಕೇಳಿದ, ನೀವು ಯಾವ ಸದ್ದಿಗೆ ರಿಜೆಕ್ಟ್ ಮಾಡುತ್ತೀರಿ, ಅದನ್ನು ಸ್ವಲ್ಪ ವಿವರಿಸಿ ಎಂದು. ಇವನು ಬಾಯಿ ತೆರೆದು, ಮುಚ್ಚಿ, ಕೊನೆಗೆ ಬಾಯಲ್ಲೇ ಟಣ್ ಎಂದು ಸದ್ದು ಮಾಡಿ ತೋರಿಸಿದ. ಸುತ್ತ ನಿಂತವರು ನಕ್ಕರು. ಆ ನಗು ಬಿಡಿ, ಅದಕ್ಕೂ ಮುಂಚೆ ಇವನೇ ಬಡಿದು, ಕೇಳಿ, ಪಾಸು ಮಾಡಿದ ಒಂದು ಪಂಪಿನ ಕವಚ ಬಿರುಕು ಬಿಟ್ಟು ವಾಪಸು ಬಂದಿತ್ತು. ಅದು ಎಷ್ಟು ಚೆನ್ನಾಗಿ ಉಲಿದಿತ್ತು ಎಂಬುದು ಈಗಲೂ ಅವನ ಕಿವಿಯಲ್ಲಿದೆ. ಅಂದಿನಿಂದ ಅವನಿಗೆ ತನ್ನ ಕಿವಿಯ ಮೇಲೆ ಪೂರ್ತಿ ನಂಬಿಕೆ ಇಲ್ಲ, ಅದನ್ನು ಬಿಟ್ಟರೆ ಬೇರೆ ಏನೂ ಇಲ್ಲ.

“ಬೇಜಾರು ಮಾಡ್ಕೋಬೇಡಿ ಸುಬ್ರಹ್ಮಣ್ಯ ಅವ್ರೇ,” ಎಂದಿದ್ದರು ಶೇಷಾದ್ರಿ ಆ ಭಾನುವಾರ, ಬೆಂಚಿನಿಂದ ಎದ್ದು ಬಂದು. “ಅವಳು ಚೆನ್ನಾಗಿ ಆಡ್ತಾಳೆ, ಸಂತೋಷ. ಆದ್ರೆ ನೀವು ಎಗ್ಸಾಕ್ಟ್ಲಿ ಏನು ಕರೆಕ್ಟ್ ಮಾಡ್ತಿದ್ದೀರಿ? ನನಗೆ ಒಂದೇ ಒಂದು ಪ್ಯಾರಾಮೀಟರ್ ಕೊಡಿ. ನಾಳೆ ಅದು ಕೆಟ್ರೆ ರಿಪೇರಿ ಮಾಡೋಕೆ ಬರ್ಬೇಕಲ್ಲ.”

ಪಕ್ಕದಲ್ಲಿ ವಡೋದರಾದ ಅಕಾಡೆಮಿಯ ಯುವಕನೊಬ್ಬ ಚೆಂಡಿನ ಹಿಂದೆ ಹೊಡೆತ ಅಳೆಯುವ ಕಿತ್ತಳೆ ಬಣ್ಣದ ಪೆಟ್ಟಿಗೆ ಇಟ್ಟು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಸಂಖ್ಯೆಗಳನ್ನು ಓದಿ ಹೇಳುತ್ತಿದ್ದ. ಬೆಂಚಿನವರೆಲ್ಲ ಅತ್ತ ಕಿವಿ ಇಟ್ಟಿದ್ದರು. ಶೇಷಾದ್ರಿಯ ಮುಖದಲ್ಲಿ ಕುಹಕವಿರಲಿಲ್ಲ. ಅಲ್ಲಿದ್ದದ್ದು ಆತಂಕ, ತನಗೆ ಅರ್ಥವಾಗದ ಒಂದು ವಸ್ತು ತನ್ನ ಮಗಳಲ್ಲಿ ಇದೆಯಲ್ಲ ಎಂಬ ಆತಂಕ. ಅದನ್ನು ಕಂಡಾದರೂ ಸುಮ್ಮನಿರಬಹುದಿತ್ತು. ಸುಬ್ರಹ್ಮಣ್ಯ ಇತ್ತ ತಿರುಗಿ, ಎಷ್ಟೋ ಕಾಲದ ಮೇಲೆ ಹುಡುಗಿಯ ಎದುರಿಗೆ ನಿಂತ, ಕಣ್ಣು ಕಿರಿದು ಮಾಡಿದ, ಒಂದು ಹೊಡೆತ ನೋಡಿದ. ಆಮೇಲೆ ಮಕರಪುರದ ಆ ಎಂಜಿನಿಯರಿಗೆ ಇಷ್ಟು ವರ್ಷದ ಮೇಲೆ ಉತ್ತರ ಕೊಡುವವನಂತೆ ಸ್ಪಷ್ಟವಾಗಿ ಹೇಳಿದ: “ಮೇಲೆ ಹೋದಾಗ ಎಡ ಮಣಿಕಟ್ಟು ಹನ್ನೊಂದು ಡಿಗ್ರಿ ಬಾಗುತ್ತೆ. ಅದು ಝೀರೋ ಆಗ್ಬೇಕು.”

ಶೇಷಾದ್ರಿಯ ಮುಖ ಅರಳಿತು. ಬೆಂಚಿನವರು ತಿರುಗಿ ನೋಡಿದರು. ಅಕಾಡೆಮಿಯ ಯುವಕ ಕೂಡ ಟ್ಯಾಬ್ಲೆಟ್ಟಿನಿಂದ ತಲೆ ಎತ್ತಿದ. ಆ ಕ್ಷಣದಲ್ಲಿ ತನಗೆ ಎಂಥ ಸಂತೋಷವಾಯಿತು ಎಂಬುದನ್ನು ನೆನೆದರೆ ಈಗ ಸುಬ್ರಹ್ಮಣ್ಯನಿಗೆ ಮೈ ಹಿಡಿಯಾಗುತ್ತದೆ. ಸುಳ್ಳು ಹೇಳಿದ್ದಕ್ಕಿಂತ ಸುಖಪಟ್ಟದ್ದು ಹೆಚ್ಚು ನಾಚಿಕೆ. ಹನ್ನೊಂದು ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. ಹತ್ತು ಅಂದಿದ್ದರೆ ಅಂದಾಜು ಅನ್ನಿಸುತ್ತಿತ್ತು, ಹನ್ನೊಂದು ಅಂದರೆ ಅಳೆದ ಹಾಗೆ ಕೇಳಿಸುತ್ತದೆ ಎಂದು ನಾಲಿಗೆಗೆ ತಾನಾಗಿಯೇ ತಿಳಿದಿತ್ತು. ನಿಶ್ಚಿತಾ ಕ್ಲಬ್ಬು ಕೆಳಗಿಳಿಸಿ, ತನ್ನ ಎಡಗೈಯನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಹೊಡೆತದಲ್ಲಿ ಅವಳು ಮೇಲೆ ಹೋಗಿ ಅಲ್ಲೇ ಒಂದು ಗಳಿಗೆ ನಿಂತಳು, ಪರೀಕ್ಷಿಸಿದಳು, ಆಮೇಲೆ ಇಳಿದಳು. ಸದ್ದು ಬೋಳಾಗಿತ್ತು. ಅಂದಿನಿಂದ ಇಂದಿನವರೆಗೆ ಅವನು ಹೂಂ ಅನ್ನಬೇಕಾದ ಸಂದರ್ಭ ಬಂದಿರಲಿಲ್ಲ.

“ಉತರ್‌ನಾ ಹೈ ಕಿ ನಹೀ, ಕಾಕಾ?” ಎಂದು ಆಟೋದವನು ತಿರುಗಿ ನೋಡುತ್ತಿದ್ದ. ಕಾಲನಿಯ ಗೇಟು ಬಂದಿತ್ತು.

ಬಾಗಿಲು ತೆಗೆದವರು ಶೇಷಾದ್ರಿಯ ಹೆಂಡತಿ ಕಾಮಾಕ್ಷಿ. “ಬನ್ನಿ, ಬನ್ನಿ, ಇವ್ರು ಬೆಳಗ್ಗೆ ಐದಕ್ಕೆ ಎದ್ದು ವೈರು ಎಳೀತಿದಾರೆ,” ಎಂದು ದನಿ ತಗ್ಗಿಸಿ, “ನೀವಾದ್ರೂ ಸ್ವಲ್ಪ ಹೇಳಿ. ಹುಡುಗಿ ರಾತ್ರಿ ನಿದ್ದೇಲೂ ಕೈ ನೆಟ್ಟಗೆ ಇಟ್ಕೊಂಡು ಮಲಗ್ತಾಳೆ,” ಎಂದರು. ಅವನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ. ಒಳಗೆ ಊಟದ ಮೇಜಿನ ಮೇಲೆ ಉಪ್ಪಿಟ್ಟಿನ ಪಾತ್ರೆ, ಕಾಫಿಯ ಲೋಟಗಳು, ಲ್ಯಾಪ್‌ಟಾಪು. ಎದುರಿಗೆ ಟಿವಿಯ ಪರದೆಯಲ್ಲಿ ಮಗಳ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ಪರಿಶೀಲನಾ ಸಮಿತಿ ಎಂಬ ಅಕ್ಷರಗಳು. ಪರೀಖ್ ಎಂಬವರು ಆಗಲೇ ಕೂತು ಉಪ್ಪಿಟ್ಟಿನಿಂದ ಮೆಣಸಿನಕಾಯಿ ಆರಿಸಿ ಬದಿಗಿಡುತ್ತಿದ್ದರು. ಸಣಕಲು ಮೈ, ದಪ್ಪ ಕನ್ನಡಕ, ಅಂಕಿ ಅಂಶಗಳ ಮನುಷ್ಯ. ಮೇಜಿನ ತುದಿಯಲ್ಲಿ ನಿಶ್ಚಿತಾ. ಅವಳ ಎಡ ಮಣಿಕಟ್ಟಿಗೆ ಅಂಗೈ ಬುಡದಿಂದ ಮುಂಗೈವರೆಗೆ ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿಯೊಂದು ಬಿಗಿದಿತ್ತು.

“ನಾನೇ ಡಿಸೈನ್ ಮಾಡಿದ್ದು,” ಎಂದರು ಶೇಷಾದ್ರಿ. ಹೊಸ ಅಳಿಯನನ್ನು ತೋರಿಸುವ ಸಂಭ್ರಮ. “ತ್ರೀಡಿ ಪ್ರಿಂಟು. ಮಣಿಕಟ್ಟು ಝೀರೋದಿಂದ ಆಚೆ ಹೋಗೋಕೇ ಆಗಲ್ಲ. ಹನ್ನೊಂದು ಅಂತ ನೀವು ಹೇಳಿದ್ರಲ್ಲ, ಅದನ್ನೇ ಹಿಡ್ಕೊಂಡೆ.”

ನಿಶ್ಚಿತಾ ಎಡಗೈಯಿಂದ ಕಾಫಿ ಲೋಟ ಎತ್ತಲು ಹೋದಳು. ಬಲಗೈಯಲ್ಲಿ ಚಮಚವಿತ್ತು. ಮಣಿಕಟ್ಟು ಬಾಗದ್ದರಿಂದ ಇಡೀ ಮೊಣಕೈಯನ್ನು ಎತ್ತಿ, ತಲೆಯನ್ನು ಲೋಟದ ಹತ್ತಿರ ಬಾಗಿಸಿ ಒಂದು ಗುಟುಕು ಕುಡಿದಳು. ಯಾರೂ ಅದನ್ನು ಗಮನಿಸಲಿಲ್ಲ. ಸುಬ್ರಹ್ಮಣ್ಯ ಮಾತ್ರ ತನ್ನ ಲೋಟವನ್ನು ಕೈಗೆತ್ತಿಕೊಂಡು ಅದರೊಳಗೇ ನೋಡುತ್ತ ಕೂತ.

“ಮೊದಲೇ ಹೇಳ್ಬಿಡ್ತೀನಿ,” ಎಂದು ಶೇಷಾದ್ರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಸ್ವಂತ ಊಟದ ಮೇಜಿನ ಮುಂದೆ, ಪಂಚೆ ಉಟ್ಟುಕೊಂಡು. “ಇಲ್ಲಿ ಯಾರನ್ನೂ ಬ್ಲೇಮ್ ಮಾಡಲ್ಲ. ನಮ್ಮಲ್ಲಿ ಅದೇ ರೂಲು. ತಪ್ಪು ಯಾರದು ಅಂತ ಕೇಳಲ್ಲ, ಕಾರಣ ಏನು ಅಂತ ಮಾತ್ರ ಕೇಳ್ತೀವಿ. ಹೆದರ್ಕೊಂಡೋರು ಸತ್ಯ ಹೇಳಲ್ಲ, ಅಲ್ವಾ?” ಅವರು ಇವನನ್ನು ನೋಡಿ ಮುಗುಳ್ನಕ್ಕರು. ಅದು ಒಳ್ಳೆಯ ಮನುಷ್ಯನ ನಗು. ಇವನಿಗೆ, ಆ ನಿಯಮವನ್ನು ತನಗಾಗಿಯೇ ಬರೆದಿದ್ದಾರೆ, ಎಲ್ಲ ಗೊತ್ತಿದ್ದೇ ಕರೆಸಿದ್ದಾರೆ, ತಾನಾಗಿ ಬಾಯಿಬಿಡಲಿ ಎಂದು ಉಪ್ಪಿಟ್ಟು ಬಡಿಸಿ ಕಾಯುತ್ತಿದ್ದಾರೆ ಎನ್ನಿಸಿತು. ಮರುಕ್ಷಣ, ಹಾಗೆ ಯೋಚಿಸುವ ತನ್ನ ಬುದ್ಧಿಯ ಬಗ್ಗೆಯೇ ಅಸಹ್ಯವಾಯಿತು. ಈ ಮನುಷ್ಯ ತನ್ನನ್ನು ನಂಬಿದ್ದಾನೆ, ಅಷ್ಟೇ. ನಂಬಿ ಮಗಳ ಕೈಗೆ ಪ್ಲಾಸ್ಟಿಕ್ ಬಿಗಿದಿದ್ದಾನೆ.

ಪರದೆಯ ಮೇಲೆ ಚುಕ್ಕಿಗಳು ಬಂದವು. ಒಂದೊಂದು ಚುಕ್ಕಿ ಒಂದೊಂದು ಹೊಡೆತ, ಗುರಿಯಿಂದ ಚೆಂಡು ಎಷ್ಟು ಆಚೀಚೆ ಬಿತ್ತು ಎಂಬುದು. ಎಡಕ್ಕೆ, ಹಬ್ಬದವರೆಗೆ, ಚುಕ್ಕಿಗಳು ಸಕ್ಕರೆಗೆ ಮುತ್ತಿದ ಇರುವೆಯಂತೆ ಗುಂಪಾಗಿದ್ದವು. ಆಮೇಲೆ ಒಮ್ಮೆಲೇ ಚೆದುರಿದ್ದವು. ನಡುವೆ ಒಂದು ಕೆಂಪು ಗೆರೆ. “ಇಲ್ಲಿ,” ಎಂದರು ಶೇಷಾದ್ರಿ, ಕೋಲಿನಿಂದ ಮುಟ್ಟಿ, “ಉತ್ತರಾಯಣ ಆದ ಭಾನುವಾರ. ನೀವು ಪ್ರಾಬ್ಲಂ ಕಂಡುಹಿಡಿದ ದಿನವೇ. ಅಂದ್ರೆ ಪ್ರಾಬ್ಲಂ ಅವತ್ತು ಶುರುವಾಗಿ, ಅವತ್ತೇ ನಿಮ್ಮ ಕಣ್ಣಿಗೆ ಬಿದ್ದಿದೆ. ಎಂಥ ಅಬ್ಸರ್ವೇಶನ್! ಹಳೇ ವಿಡಿಯೋ ತೆಗೆದು ಪರದೆ ಮೇಲೆ ಕೋನಮಾಪಕ ಇಟ್ಟು ನೋಡ್ದೆ. ಹತ್ತೂ ಮುಕ್ಕಾಲು ಬಂತು ಸ್ವಾಮಿ. ಹತ್ತೂ ಮುಕ್ಕಾಲು!”

ಸುಬ್ರಹ್ಮಣ್ಯ ಪರದೆಯ ಕಡೆ ಬಗ್ಗಿದ. ಬಂತೇ? ಬಾಯಿಗೆ ಬಂದದ್ದು ಅಳತೆಗೂ ಬಂತೇ? ಹಾಗಾದರೆ ಅದು ಸುಳ್ಳಲ್ಲವೆ? ಇಷ್ಟು ವರ್ಷ ಕೇಳಿ ಕೇಳಿ, ನೋಡಿ ನೋಡಿ, ತನಗೆ ಗೊತ್ತಿಲ್ಲದೆಯೇ ಕಣ್ಣು ಅಳೆಯುವುದನ್ನು ಕಲಿತಿರಬಹುದೆ? ಒಂದು ಕ್ಷಣ ಅವನೊಳಗೆ ಒಂದು ಗರ್ವ ತಲೆ ಎತ್ತಿತು, ಬೆನ್ನು ತಾನಾಗಿಯೇ ನೆಟ್ಟಗಾಯಿತು. ಸತ್ಯವೇ ಆಗಿದ್ದರೆ ಹುಡುಗಿಯ ಆಟ ಏಕೆ ಕೆಟ್ಟಿತು ಎಂಬ ಪ್ರಶ್ನೆ ಹಿಂದೆಯೇ ಬಂತು. ಇದ್ದದ್ದನ್ನೇ ಹೇಳಿಯೂ ಒಂದು ಸ್ವಿಂಗನ್ನು ಕೊಲ್ಲಬಹುದೆ?

ಪರೀಖ್ ಕನ್ನಡಕ ಮೇಲೆತ್ತಿ ಪರದೆಯ ಹತ್ತಿರ ಹೋದರು. ಹಿಂದಿಯಲ್ಲಿ, ಬೇಸರವಿಲ್ಲದ ದನಿಯಲ್ಲಿ, ಶೇಷಾದ್ರಿಜೀ, ಇದು ಫೋನಿನಲ್ಲಿ ತೆಗೆದ ವಿಡಿಯೋ, ಪಕ್ಕದಿಂದ ಓರೆಯಾಗಿ ತೆಗೆದದ್ದು, ಕೈ ಮಸುಕಾಗಿದೆ, ಇದರಿಂದ ಐದೂ ಬರುತ್ತದೆ, ಇಪ್ಪತ್ತೂ ಬರುತ್ತದೆ, ನೀವು ಹನ್ನೊಂದನ್ನು ಹುಡುಕುತ್ತ ಹೋದಿರಿ, ಆದ್ದರಿಂದ ಹನ್ನೊಂದರ ಹತ್ತಿರ ಸಿಕ್ಕಿತು ಎಂದರು. ಆಮೇಲೆ ಸುಬ್ರಹ್ಮಣ್ಯನ ಕಡೆ ತಿರುಗಿ, ನಿಜವಾದ ಕುತೂಹಲದಿಂದ ಕೇಳಿದರು: “ಸರ್, ಆಪ್‌ನೇ ಕೈಸೇ ನಾಪಾ?”

ಹೇಗೆ ಅಳೆದಿರಿ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಸುಬ್ರಹ್ಮಣ್ಯ ಬಾಯಿ ತೆರೆದ. ಅಷ್ಟು ವರ್ಷದ ಕೆಳಗೆ ಮಕರಪುರದಲ್ಲಿ ಹಾಗೆಯೇ ತೆರೆದಿದ್ದ ಬಾಯಿ. “ಆಂಖ್ ಸೇ,” ಎಂದ, ಕಣ್ಣಿನಿಂದ. ದನಿ ತೆಳುವಾಗಿ ಹೊರಟಿತು. ಪರೀಖ್ ನಗಲಿಲ್ಲ. ತಲೆಯಾಡಿಸಿ, ಕಾಗದದ ಮೇಲೆ ಏನೋ ಗೀಚಿದರು. ಅವರು ನಕ್ಕಿದ್ದರೆ ಚೆನ್ನಾಗಿತ್ತು. ಶೇಷಾದ್ರಿ ಮಾತ್ರ ತನಗೇ ಅವಮಾನವಾದವರಂತೆ, “ಎಕ್ಸ್‌ಪೀರಿಯೆನ್ಸ್, ಪರೀಖ್‌ಭಾಯ್! ಇವ್ರ ಕಣ್ಣು ಅಂಥದ್ದು,” ಎಂದು ಗಡಿಬಿಡಿಯಲ್ಲಿ ಅಂದರು. ಈಗ ಹೇಳಿಬಿಡಬೇಕು ಎಂದು ಅವನು ಲೋಟ ಕೆಳಗಿಟ್ಟ. ಹೇಳಿದರೆ ಪ್ಲಾಸ್ಟಿಕ್ ಬಿಚ್ಚುತ್ತಾರೆ, ಹುಡುಗಿಯ ಕೈ ಹುಡುಗಿಗೆ ಸಿಗುತ್ತದೆ. ಆಮೇಲೆ ವಡೋದರಾ. ಅಲ್ಲಿ ಮೈಗೆಲ್ಲ ಸೆನ್ಸರು ಅಂಟಿಸುತ್ತಾರೆ. ಹೇಳದಿದ್ದರೆ ಅವಳು ತನ್ನ ಹತ್ತಿರವೇ ಇರುತ್ತಾಳೆ, ಪ್ಲಾಸ್ಟಿಕ್ಕಿನ ಸಮೇತ.

“ಅಪ್ಪಾ, ನನ್ನ ಫಿಂಗರ್,” ಎಂದಳು ನಿಶ್ಚಿತಾ.

ಎಲ್ಲರೂ ತಿರುಗಿದರು. ಅವಳು ಯಾರನ್ನೂ ನೋಡದೆ ಎಡಗೈಯ ಉಂಗುರದ ಬೆರಳನ್ನು ಮೇಲೆತ್ತಿ ಹಿಡಿದಿದ್ದಳು. “ಉತ್ತರಾಯಣ್ ಡೇ ಮಾಂಜಾ ಲಗಾ ಥಾ ನಾ, ಕಟ್ ಆಯ್ತು. ಅದಕ್ಕೇ ಗ್ರಿಪ್ ಲೂಸ್ ಆಯ್ತು. ಹೇಳಕ್ಕೆ ಮರ್ತೆ.”

ಮೇಜಿನ ಸುತ್ತ ಗಾಳಿ ಬದಲಾಯಿತು. ಶೇಷಾದ್ರಿ ಓಡಿ ಬಂದು ಬೆರಳು ಹಿಡಿದು ಕಿಟಕಿಯ ಬೆಳಕಿಗೆ ಒಯ್ದರು. ಅಲ್ಲೇನೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ, ಗಾಯ ಮಾಯ್ದು ಎಷ್ಟೋ ಕಾಲವಾಯಿತು ಎಂದು ಅವರೇ ಅಂದುಕೊಂಡರು. ದಿನ ಹೊಂದುತ್ತದೆ, ಹಿಡಿತ ಸಡಿಲವಾದದ್ದು ಹೊಂದುತ್ತದೆ, ಚುಕ್ಕಿಗಳು ಚೆದುರಿದ್ದು ಹೊಂದುತ್ತದೆ. ಪರೀಖ್ ಕೂಡ ಇದು ಸಂಭವನೀಯ ಕಾರಣ ಎಂದು ಒಪ್ಪಿದರು. ಸುಬ್ರಹ್ಮಣ್ಯನಿಗೆ ಮಾತ್ರ ರೇಂಜಿನ ಆ ಬೆಳಿಗ್ಗೆ ಕಣ್ಣೆದುರು ಬಂತು. ಗಾಯದ ಪಟ್ಟಿ ಇದ್ದದ್ದು ಬಲಗೈಯ ತೋರುಬೆರಳಿಗೆ, ಗಾಳಿಪಟದ ದಾರ ಕೊಯ್ಯುವುದು ಅಲ್ಲೇ. ಆ ಪಟ್ಟಿ ಕಟ್ಟಿಕೊಂಡೇ ಅವಳು ಎಷ್ಟು ಚೆನ್ನಾಗಿ ಹೊಡೆಯುತ್ತಿದ್ದಳು, ಅಪ್ಪ ಬಂದು ಆ ಪ್ರಶ್ನೆ ಕೇಳುವವರೆಗೆ. ಹುಡುಗಿ ಅಪ್ಪನ ಎದುರೇ ಸುಳ್ಳು ಹೇಳಿದ್ದಳು. ತನ್ನ ಕೋಚ್‌ನನ್ನು ಉಳಿಸುವುದಕ್ಕೆ. ಸುಳ್ಳಿಗೆ ವಿವರ ಸೇರಿಸಿದರೆ ನಿಜದಂತೆ ಕೇಳಿಸುತ್ತದೆ ಎಂಬುದನ್ನು ಅವಳಿಗೆ ಯಾರು ಕಲಿಸಿದರು? ಇಷ್ಟು ವರ್ಷದಲ್ಲಿ ತಾನು ಕಲಿಸಿದ್ದರಲ್ಲಿ ಅವಳು ಪೂರ್ತಿ ಕಲಿತದ್ದು ಇದೊಂದೇ ಇರಬಹುದು ಎನ್ನಿಸಿ ಅವನು ತಲೆ ತಗ್ಗಿಸಿದ.

ಸಭೆ ಬೇಗ ಮುಗಿಯಿತು. ಮೂಲ ಕಾರಣ, ಮಾಂಜಾ. ಪರಿಹಾರ, ಸೂರತ್‌ವರೆಗೆ ಮಣಿಕಟ್ಟಿನ ಪಟ್ಟಿ ಮುಂದುವರಿಸುವುದು. ಕೋಚ್ ಬದಲಾಯಿಸುವ ಅಗತ್ಯವಿಲ್ಲ. ಹೊರಡುವ ಮೊದಲು ಪರೀಖ್ ಅವನ ಪಕ್ಕ ನಿಂತು, ಸಮಾಧಾನ ಹೇಳುವ ದನಿಯಲ್ಲಿ, ಅಂಕಿಗಳ ಪ್ರಕಾರ ನಿಮ್ಮಿಂದ ತೊಂದರೆಯೇನೂ ಆಗಿಲ್ಲ, ಹಾಗೆ ನೋಡಿದರೆ ನಿಮ್ಮ ಪಾಠಕ್ಕೂ ಅವಳ ಆಟಕ್ಕೂ ಮೊದಲಿನಿಂದ ಹೇಳಿಕೊಳ್ಳುವಂಥ ಸಂಬಂಧ ಕಾಣುವುದಿಲ್ಲ, ಅವಳು ಬೆಳೆದಳು, ಆಟ ಬೆಳೆಯಿತು, ಉಳಿದದ್ದು ನಾಯ್ಸ್, ಲೆಕ್ಕಕ್ಕೆ ಬಾರದ ಗದ್ದಲ ಎಂದರು. ನೀವು ನಿಶ್ಚಿಂತರಾಗಿರಿ ಎಂದು ಭುಜ ತಟ್ಟಿದರು. ಸುಬ್ರಹ್ಮಣ್ಯ ಕೈ ಮುಗಿದ. ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಹೊತ್ತು ಹಿಡಿದುಬಿಡುತ್ತಾರೆ ಎಂದು ಬೆವರಿದ್ದವನಿಗೆ ಈಗ ಹಿಡಿಯಲಿಲ್ಲವಲ್ಲ ಎಂಬ ಉರಿ. ಕೆಡಿಸಿದ್ದು ನಾನೇ ಎಂದು ಮತ್ತೆ ಮೇಲೆ ಹತ್ತಿ ಹೋಗಿ ಆ ಪರದೆಯ ಮುಂದೆ ಕೂಗಬೇಕು ಅನ್ನಿಸಿತು. ನನ್ನ ಒಂದು ಮಾತಿಗೆ ನಿಮ್ಮ ಚುಕ್ಕಿಗಳೆಲ್ಲ ಚೆದುರಿದವು, ನಾನು ನಾಯ್ಸಲ್ಲ. ಕೂಗಬೇಕು ಅನ್ನಿಸಿದ್ದು ಹುಡುಗಿಗಾಗಿಯೋ ತನ್ನ ಹೆಚ್ಚುಗಾರಿಕೆಗಾಗಿಯೋ ಎಂದು ಕೇಳಿಕೊಂಡ. ಪಾರ್ಕಿಂಗಿನ ಕಂಬಕ್ಕೆ ಒರಗಿ ನಿಂತ.

“ಸರ್.” ನಿಶ್ಚಿತಾ ಹಿಂದೆಯೇ ಇಳಿದು ಬಂದಿದ್ದಳು. ಕೈಯಲ್ಲಿ ಸೆವೆನ್ ಐರನ್. ಮನೆಯವರಿಗೆ ಪ್ರಾಕ್ಟೀಸು ಎಂದು ಹೇಳಿ ಬಂದಿರಬೇಕು.

“ಗಾಯ ಆಗಿದ್ದು ಬಲಗೈಗೆ ಅಲ್ವೇನಮ್ಮಾ?”

ಅವಳು ಕ್ಲಬ್ಬಿನ ತುದಿಯಿಂದ ನೆಲದ ಸಿಮೆಂಟನ್ನು ಕೆರೆದಳು. “ಹೂಂ.”

“ಮತ್ತೆ ಯಾಕೆ ಹಾಗಂದೆ?”

“ನಾನು ಬರೋಡಾ ಅಕಾಡೆಮಿಗೆ ಹೋಗಲ್ಲ. ಅಲ್ಲಿ ಎವ್ವೆರಿ ಶಾಟ್‌ಗೂ ನಂಬರ್ ಬರುತ್ತೆ. ನಿಮ್ಮ ಹತ್ರ ಒಂದೇ ನಂಬರ್ ಅಲ್ವಾ.” ಅವಳು ತಲೆ ಎತ್ತಿದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. “ಅದನ್ನ ಠೀಕ್ ಮಾಡಿದ್ರೆ ಬಸ್. ನಾನು ಟ್ರೈ ಮಾಡ್ತಿದ್ದೀನಿ ಸರ್, ರಿಯಲೀ. ಆಗ್ತಾ ಇಲ್ಲ.”

ಅವನಿಗೆ ಅಳು ಬಂತು. ಯಾರೂ ಕಾಣದಂತೆ ನುಂಗಿಕೊಂಡ. “ಅದನ್ನ ಬಿಚ್ಚು,” ಎಂದ, ಪಟ್ಟಿ ತೋರಿಸಿ. ಅವಳು ಅನುಮಾನಿಸುತ್ತ ಬಿಚ್ಚಿ, ನಿಂತಿದ್ದ ಒಂದು ಸ್ಕೂಟರಿನ ಸೀಟಿನ ಮೇಲಿಟ್ಟಳು. ಮಣಿಕಟ್ಟಿನ ಸುತ್ತ ಚರ್ಮ ಬಿಳಿಚಿ, ಗೆರೆ ಗೆರೆಯಾಗಿ ಒತ್ತಿತ್ತು.

“ಕೇಳು ಮಗೂ. ಹನ್ನೊಂದು ಅಂತ ನಾನು ಅಂದ್ನಲ್ಲ, ಅದನ್ನ ನಾನು ಅಳೆದಿರ್ಲಿಲ್ಲ. ನಿಮ್ಮಪ್ಪ ಕೇಳಿದ್ರು, ಎಲ್ಲಾರೂ ನೋಡ್ತಿದ್ರು, ನನಗೆ ಹೆದರಿಕೆ ಆಯ್ತು. ಬಾಯಿಗೆ ಬಂದದ್ದು ಹೇಳ್ಬಿಟ್ಟೆ.”

“ಮತ್ಲಬ್?”

“ಸುಳ್ಳು. ಹನ್ನೊಂದು ಅನ್ನೋದೇ ಇಲ್ಲ. ನಿನ್ನ ಕೈಯಲ್ಲಿ ಏನೂ ತಪ್ಪಿರ್ಲಿಲ್ಲ, ಗೊತ್ತಾಯ್ತಾ? ಏನೂ ತಪ್ಪಿರ್ಲಿಲ್ಲ. ಮೊದಲು ಹೇಗೆ ಹೊಡೀತಿದ್ಯೋ ಹಾಗೇ ಹೊಡಿ. ನಾನು ನೋಡಲ್ಲ.”

ಹೇಳಿದ ಮೇಲೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. ಬೈಯಲಿ, ಅಪ್ಪನಿಗೆ ಹೋಗಿ ಹೇಳಲಿ, ಕ್ಲಬ್ಬನ್ನೇ ಎಸೆಯಲಿ ಎಂದುಕೊಂಡು ಅವನು ತಿರುಗಿ ಬೆನ್ನು ಹಾಕಿದ, ಕೈ ಹಿಂದೆ ಕಟ್ಟಿಕೊಂಡ. ಎದುರಿಗೆ ಕಾಂಪೌಂಡಿನ ಗೋಡೆ, ಅದರಾಚೆ ಬೇವಿನ ಮರ, ಅದರ ಕೊಂಬೆಗೆ ಹಬ್ಬದ ಗಾಳಿಪಟವೊಂದು ಇನ್ನೂ ಅಂಟಿಕೊಂಡಿತ್ತು. ಇಲ್ಲಿ ಚೆಂಡಿಲ್ಲ, ಆದರೆ ಗಾಳಿಯನ್ನು ಸೀಳುವ ಸದ್ದು ಸಾಕು, ಅದು ತುಂಬಿ ಬಂತೋ ಬೋಳಾಗಿ ಬಂತೋ ಅವನಿಗೆ ತಿಳಿಯುತ್ತದೆ. ತಿಳಿಯುತ್ತದೆ ಎಂದೇ ಇವತ್ತೊಂದು ದಿನ ನಂಬುತ್ತೇನೆ ಎಂದುಕೊಂಡ. ಬಾಯಲ್ಲಿ ಹೂಂ ಸಿದ್ಧವಾಗಿತ್ತು. ಯಾರೋ ಕಾರು ತೊಳೆಯುತ್ತಿದ್ದರು. ಮೇಲಿನ ಮನೆಯಲ್ಲಿ ಕುಕ್ಕರು ಕೂಗಿತು. ಪಾರಿವಾಳಗಳು ಕಂಬದಿಂದ ಕಂಬಕ್ಕೆ ಹಾರಿದವು. ಹಿಂದಿನಿಂದ ಅವಳು ಕಾಲು ಸರಿಮಾಡಿಕೊಳ್ಳುವ ಸದ್ದು ಬಂತು, ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಕ್ಲಬ್ಬು ಮೇಲೆ ಹೋಗಿರಬೇಕು. ಅವನು ಕಾದ. ಅದು ಕೆಳಗಿಳಿಯಲಿಲ್ಲ.

“ಸರ್,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಪ್ಪನದೇ ಆತಂಕವಿತ್ತು. “ಹನ್ನೊಂದು ರಾಂಗ್ ಅಂದ್ರೆ, ಸರಿ ನಂಬರ್ ಎಷ್ಟು?”

ಸುಬ್ರಹ್ಮಣ್ಯ ತಿರುಗಲಿಲ್ಲ. ಏಳು ಎಂಬುದು ಅಷ್ಟರಲ್ಲಾಗಲೇ ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ಹಲ್ಲು ಕಚ್ಚಿ ಹಿಡಿದು, ಗೋಡೆಯನ್ನೇ ನೋಡುತ್ತ ನಿಂತ.